ಎಡಗೈ

ಮೂರು ಗಂಟೆಗೆ ಒಲೆ ಹಚ್ಚಬೇಕು, ಅದಕ್ಕೇ
ಅಪ್ಪ ನಮ್ಮನ್ನು ಮಂಡಕ್ಕಿ ಭಟ್ಟಿಯಲ್ಲೇ ಮಲಗಿಸುತ್ತಿದ್ದ:
ಅಕ್ಕಿ ಚೀಲದ ಮೇಲೆ ನಾನು, ಖಾಲಿ ಚೀಲದ ಮೇಲೆ ತಮ್ಮ.
ಮೇ ತಿಂಗಳು. ಬಾಷಾನಗರದ ಹೊಗೆ ಕೂಡ
ಸೆಕೆಗೆ ಮೇಲೇಳಲಾರದೆ ತಗಡಿನ ಕೆಳಗೇ ಕೂತಿತ್ತು.

ಮೊಳೆಗೆ ಕೇಬಲ್ಲು ಸುತ್ತಿದ್ದ ಹದಿನಾಲ್ಕಿಂಚಿನ ಟೀವಿಯಲ್ಲಿ
ಹುಲ್ಲು ಹಸಿರಿರಲಿಲ್ಲ, ನೀಲಿಯಿತ್ತು.
ಕೆಂಪಂಗಿಯವರು ಮಾತ್ರ ಕೆಂಪಗೇ ಇದ್ದರು, ಸೋಲುತ್ತಿದ್ದರು.
ಇಸ್ತಾಂಬುಲ್ ಅಂದ್ರೆ ಎಷ್ಟು ದೂರ, ಎಂದು ತಮ್ಮ ಕೇಳಿದ.
‘ಹರಿಹರದ ಹೊಳೆ ದಾಟಬೇಕು,’ ಅಂದ ಚಮನ್‌ಸಾಬ.

ಚಮನ್‌ಸಾಬ ನಮ್ಮ ಭಟ್ಟಿಯ ಕಾವಲಿನವನು.
ಅದಕ್ಕೂ ಮೊದಲು ಹತ್ತಿ ಮಿಲ್ಲಿನ ಕಾರ್ಡಿಂಗ್ ಖಾತೆ.
ಸಂಜೆ ಐದರ ಸೈರನ್ ಕೂಗಿದ ಮೇಲೆ
ಮಿಲ್ ಟೀಮಿನ ಗೋಲಿ.
ಎಡಗೈಯಲ್ಲಿ ಎರಡು ಬೆರಳಿಲ್ಲ. ಯಂತ್ರ ತಿಂದದ್ದು.
ಉಳಿದ ಮೂರರಲ್ಲಿ ಬೀಡಿ ಹಿಡಿದು ನೋಡುತ್ತಿದ್ದ.

ಅರ್ಧ ಆಟಕ್ಕೆ ಮೂರು–ಸೊನ್ನೆ.
ಬಿಳಿಯಂಗಿಯ ಮೇಲೆ ಐವತ್ತು ಕಟ್ಟಿದ್ದ ತಿಪ್ಪೇಶಿ
ಅಪ್ಪನ ಕೈಯಿಂದ ನೋಟು ಇಸ್ಕೊಂಡು
ದೀಪಕ್ಕೆ ಹಿಡಿದು ನೋಡಿ, ಮಡಚಿ, ಮನೆಗೆ ಹೋದ.
ಮತ್ತೆ ಆಟ ಶುರುವಾಗಿ ಐದಾರು ನಿಮಿಷವಾಗಿರಬೇಕು,
ಕರೆಂಟೂ ಹೋಯಿತು.

ಬೀಡಿಯ ಕೆಂಡವೊಂದು ಬಿಟ್ಟರೆ ಏನೂ ಕಾಣದು.
ಆ ಕೆಂಡದ ಹಿಂದಿನಿಂದ ಚಮನ್‌ಸಾಬ ಶುರುಮಾಡಿದ,
ನಮಗಲ್ಲ, ಯಾರಿಗೋ ಲೆಕ್ಕ ಒಪ್ಪಿಸುವ ಹಾಗೆ:

‘ನಮ್ದೂ ಒಂದು ಫೈನಲ್ ಇತ್ತು, ಹರಿಹರದಾಗ.
ಹೊಳೀ ದಂಡಿ ಮೈದಾನ. ಕೊನೇ ನಿಮಿಷ.
ಹುಡುಗ ಒದ್ದದ್ದು ಜೋರಿಲ್ಲ, ಪಾಪ, ಅವನ ಬೂಟಿನ ಅಟ್ಟಿ ಹರಿದಿತ್ತು.
ಉರುಳಿಕೋತ ಬಂತು, ಕೋಳಿಮರಿ ಬಂದಂಗೆ.
ಬಗ್ಗಿದೆ. ಹಿಡಿದೆ.
ಹಿಡಿದೆ ಅಂತ ಈಗ್ಲೂ ಕೈಗೆ ನೆನಪೈತಿ.
ತಿರುಗಿ ನೋಡಿದ್ರೆ ಬಲೆಯಾಗೈತಿ.
ಬೆರಳು ಹೋಗಿದ್ದಕ್ಕೆ ಬಿಟ್ಟ ಅಂತಾರ ಜನ.
ಸುಳ್ಳು. ಅವತ್ತು ಹತ್ತೂ ಇದ್ವು.’

ಬೀಡಿ ಆರಿತು.
ಬೆಂಕಿಪೊಟ್ಟಣ ಹುಡುಕುವ ಸದ್ದು.
ತಮ್ಮ ನಿದ್ದೆಯಲ್ಲಿ ಹಲ್ಲು ಕಡಿದ.

ಕರೆಂಟು ಬಂದಾಗ ಪರದೆಯ ಮೂಲೆಯಲ್ಲಿ ಮೂರು–ಮೂರು.
‘ಟೀವಿ ಕೆಟ್ಟೈತಿ,’ ಅಂತ ಅಪ್ಪ ಅದರ ನೆತ್ತಿಗೆ ಬಡಿದ.
ಬಡಿದರೂ ಮೂರು–ಮೂರೇ.
ಆ ಮೂರು ಗೋಲನ್ನು ಆಮೇಲೆ ಫೋನಿನಲ್ಲಿ
ಎಷ್ಟೋ ಸಲ ನೋಡಿದ್ದೇನೆ, ಎಲ್ಲಾ ಕೋನದಿಂದ.
ಪ್ರತಿಸಲವೂ ಮೂಗಿಗೆ ಬೀಡಿಯ ವಾಸನೆ.

ಪೆನಾಲ್ಟಿಗೆ ಬಂದು ನಿಂತಿತು. ಚಮನ್‌ಸಾಬ
ಎದ್ದು ಒಲೆಯ ಕಡೆ ಮುಖ ಮಾಡಿ ಕೂತ.
‘ನಾ ನೋಡಂಗಿಲ್ಲ. ನೀ ಹೇಳವ್ವಾ.’
ಹೊಟ್ಟು ಸುರಿದು ಬೆಂಕಿ ಊದುತ್ತಿದ್ದ ಬೆನ್ನಿಗೆ
ನಾನು ಹೇಳುತ್ತಾ ಹೋದೆ:
ಇದು ಮೇಲಕ್ಕೆ ಹೋಯ್ತು. ಇದು ಒಳಗೆ.
ಕೆಂಪು ಕಡೆಯ ಗೋಲಿ ಗೆರೆಯ ಮೇಲೆ ಏನೋ ಮಾಡ್ತಾನೆ,
ಕಾಲಿಗೆ ಇರುವೆ ಹತ್ತಿದಂಗೆ.
‘ಮಾಡ್ಲಿ, ಮಾಡ್ಲಿ. ಕುಣೀಲಿ. ನಾವು ಕಂಬದಂಗೆ ನಿಂತು ಕೆಟ್ವಿ.’

ಕಡೆಯದು.
ಬಿಳಿಯವನು ಓಡಿ ಬಂದ, ಒದ್ದ.
ಗೋಲಿ ಒಂದು ಕಡೆ ಬಿದ್ದ, ಚೆಂಡು ನಡುವೆ ಬಂತು,
ಬೀಳುವ ಮೈಯನ್ನು ಬಿಟ್ಟು ಕೈಯೊಂದು ಮೇಲೇ ಉಳಿದಿತ್ತು,
ಅದಕ್ಕೆ ತಾಗಿತು.
ತಡೆದ! ಅಂದೆ.

‘ಯಾವ ಕೈ?’

ಎಡಗೈ.

ಅವನು ತಿರುಗಲಿಲ್ಲ. ಬಾಣಲೆಯ ಮರಳು
ಕಾದು ಸಣ್ಣಗೆ ನಡುಗುತ್ತಿತ್ತು.
ಅಪ್ಪ ಅಕ್ಕಿ ಹಾಕಿದ, ಒಮ್ಮೆಲೇ
ಭಟ್ಟಿಯ ತುಂಬ ಚಟಪಟ, ಬಿಳಿ ಬಿಳಿ ಬಿಳಿ,
ಜರಡಿ ಹಿಡಿಯಬೇಕಾದವನು ಹಿಡಿಯಲಿಲ್ಲ.
ಮೂರು ಬೆರಳಿನ ಕೈಯನ್ನು ಬೆಂಕಿಯ ಬೆಳಕಿಗೆ
ಹಿಂದೆ ಮುಂದೆ ಹೊರಳಿಸಿ ನೋಡುತ್ತಿದ್ದ.

ಮೊದಲ ಬಾಣಲೆ ಸೀದುಹೋಯಿತು.
ಅಪ್ಪ ಬೈದ, ಆದರೂ ಚೀಲಕ್ಕೆ ತುಂಬಿಸಿದ.
ಐವತ್ತು ರೂಪಾಯಿ ತಿಪ್ಪೇಶಿ ಕೊಡಲೇ ಇಲ್ಲ;
ಮಲಗುವಾಗ ಮೂರು–ಸೊನ್ನೆ ಇತ್ತಲ್ಲ, ಅಂತಾನೆ ಈಗಲೂ.